ತ್ಯಾಪಿಗೊಂದು ಕಾಲ

ಕಲಬುರಗಿಯ ಶಹಾಬಜಾರದ ಓಣಿಗಳಲ್ಲಿ ಹಳೆಯ ಸೀರೆಗೆ ಮೂರು ದರ. ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತು ‘ಹಳೀ ಅರಿವಿಗಿ ಬಾಂಡೇ...’ ಎಂದು ಕೂಗುತ್ತ ಬರುವಾಕೆಗೆ ಹಾಕಿದರೆ ನಾಲ್ಕು ಸೀರೆಗೆ ಒಂದು ಡಬ್ಬಿ. ಮುಚ್ಚಳವೂ ಬೇಕೆಂದರೆ ಮೇಲೊಂದು ಪ್ಯಾಂಟು ಹಾಕಬೇಕು. ಅದೇ ಸೀರೆಯನ್ನು ಕೌದಿಗೆ ಕೊಟ್ಟರೆ ಸೀರೆಗೆ ಬೆಲೆಯೇ ಇಲ್ಲ, ಹೊಲಿಯುವಾಕೆಗೆ ಕೂಲಿ ನೀವೇ ಕೊಡಬೇಕು. ಇನ್ನು ಆ ಕೌದಿ ಹೇಗೋ ರೈಲು ಹತ್ತಿ ಬೆಂಗಳೂರು ಮುಟ್ಟಿ, ಗಾಜಿನ ಬಾಗಿಲಿನ ಅಂಗಡಿಯೊಳಗೆ ಬಿದಿರಿನ ಕೋಲಿನ ಮೇಲೆ ತೂಗಿತೆಂದರೆ ಮೂರನೆಯ ದರ ಶುರು. ಆಗ ಅದರ ಕೊರಳಿಗೊಂದು ಖಾಕಿ ರಟ್ಟಿನ ಚೀಟಿ ಬೀಳುತ್ತದೆ. ಚೀಟಿಯ ಒಂದು ಬದಿಗೆ ಭೂಮಿಯನ್ನು ಉಳಿಸುವ ಮಾತು, ಇನ್ನೊಂದು ಬದಿಗೆ ಕೊಳ್ಳುವವನನ್ನು ಮುಳುಗಿಸುವ ಅಂಕಿ. ಕೆಳಗೆ ಸಣ್ಣಕ್ಷರದಲ್ಲಿ: ಡ್ರೈಕ್ಲೀನ್ ಮಾತ್ರ.

ಕೌದಿಗೆ ಡ್ರೈಕ್ಲೀನ್! ನವರಾತ್ರಿ ಬಂತೆಂದರೆ ಮನೆಮನೆಯ ಕೌದಿಗಳು ಹಳ್ಳಕ್ಕೋ ಬೋರಿಗೋ ಹೋಗುತ್ತಿದ್ದವು. ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಕಾಲಿನಿಂದ ತುಳಿದು, ಕಲ್ಲಿನ ಮೇಲೆ ಬಡಿದು ಒಗೆದ ಕೌದಿಯನ್ನು ಹಿಂಡಲು ಆ ತುದಿಗೊಬ್ಬರು ಈ ತುದಿಗೊಬ್ಬರು ನಿಲ್ಲಬೇಕು. ನೀರು ಕುಡಿದ ಕೌದಿಯನ್ನು ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವುದು ಗ್ಯಾರಂಟಿ. ಅಷ್ಟು ಪೆಟ್ಟು ತಿಂದೂ ಅದು ಹತ್ತು ವರ್ಷ ಬಾಳುತ್ತಿತ್ತು. ಕೂಸಿನ ಉಚ್ಚೆ, ಹಪ್ಪಳದ ಹಿಟ್ಟು, ಬೀಗರ ಕಾಲಧೂಳು ಎಲ್ಲ ಕಂಡ ಆ ವಸ್ತುವಿಗೆ ಈಗ ಪೆಟ್ರೋಲ್ ವಾಸನೆಯ ಸ್ನಾನವಂತೆ. ಯೋಗ ಬಂದರೆ ಹೀಗೆ ಬರಬೇಕು.

ಉಳಿತಾಯ ಮಾಡುವುದಕ್ಕೆ ಈಗ ಚೆನ್ನಾಗಿ ದುಡ್ಡಿರಬೇಕು. ದುಡ್ಡಿಲ್ಲದವರು ಪಾಪ, ಹೊಸದನ್ನೇ ಕೊಳ್ಳುತ್ತಾರೆ. ಸೂಪರ್ ಮಾರ್ಕೆಟ್ ಸುತ್ತಿನ ಗಾಡಿಗಳಲ್ಲಿ ಪಾಲಿಯೆಸ್ಟರ್ ಚಾದರ, ಮಿಂಕ್ ರಗ್ಗು, ಹುಲಿಯ ಮುಖದ ಹೊದಿಕೆ ರಾಶಿ ರಾಶಿ ಬಿದ್ದಿರುತ್ತವೆ. ಒಂದು ಕೌದಿಯ ಹೊಲಿಗೆ ಕೂಲಿಗಿಂತ ಅಗ್ಗ. ಮೇ ತಿಂಗಳಿನಲ್ಲಿ ನಲವತ್ತು ದಾಟಿ ನಲವತ್ತಮೂರು ಡಿಗ್ರಿಗೆ ಕುದಿಯುವ ಊರಿನಲ್ಲಿ ಮಿಂಕ್ ರಗ್ಗು ಯಾರಿಗೆ ಬೇಕು ಎಂದು ಕೇಳಬೇಡಿ, ಮದುವೆಯಲ್ಲಿ ಅದೇ ಆಹೇರು. ಹೀಗೆ ಬಡವರ ಮನೆಯಲ್ಲಿ ಹುಲಿ ಮಲಗಿದೆ, ಸಾಹೇಬರ ಮನೆಯಲ್ಲಿ ಚಿಂದಿ ಗೋಡೆಗೇರಿದೆ. ಗೋಡೆಗೇರಿದ್ದಕ್ಕೆ ಚೌಕಟ್ಟೂ ಇದೆ, ಚೌಕಟ್ಟಿನ ಮೇಲೊಂದು ಲೈಟೂ ಇದೆ.

ಇದೇನು ನಮ್ಮೂರಿನ ಹೊಸ ಖಾಯಿಲೆಯಲ್ಲ. 2022ರಲ್ಲಿ ಬಾಲೆನ್ಸಿಯಾಗಾ ಎಂಬ ಫ್ಯಾಷನ್ ಕಂಪನಿ ಹರಿದು, ಮಾಸಿ, ಕಿತ್ತುಹೋದಂತೆ ಕಾಣುವ ಬೂಟು ಮಾಡಿ ಜೊತೆಗೆ 1,850 ಡಾಲರಿನಂತೆ ಮಾರಿತು. ಆಗಿನ ಲೆಕ್ಕಕ್ಕೆ ಒಂದು ಲಕ್ಷ ನಲವತ್ತು ಸಾವಿರ ರೂಪಾಯಿಯ ಆಸುಪಾಸು. ಅದೂ ನೂರೇ ಜೊತೆ. ನಮ್ಮ ಚಪ್ಪಲ್ ಬಜಾರದ ಮೋಚಿಯ ಮುಂದೆ ಅಂಥವು ದಿನಕ್ಕೆ ಹತ್ತು ಬಂದು ಬೀಳುತ್ತವೆ. ಅವನು ಮೂರ್ಖ, ಎಲ್ಲವನ್ನೂ ಹೊಲಿದು ಸರಿಮಾಡಿ ಬೆಲೆ ಕಳೆದುಬಿಡುತ್ತಾನೆ.

ಹರಕಿಗೆ ಗೌರವ ಕೊಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಈ ನೆಲದಲ್ಲಿ ಸೂಜಿಗೆ ದೊಡ್ಡ ಮರ್ಯಾದೆಯೇ ಇತ್ತು. ಹುಮನಾಬಾದ ರಸ್ತೆ ಹಿಡಿದು ಕಮಲಾಪುರ ದಾಟಿದರೆ ಬಸವಕಲ್ಯಾಣ ದೂರವೇನಲ್ಲ. 12ನೇ ಶತಮಾನದಲ್ಲಿ ಆ ಕಲ್ಯಾಣದ ಶರಣರ ನಡುವೆ ಸೂಜಿಕಾಯಕದ ರಾಮಿತಂದೆ ಬಟ್ಟೆ ಹೊಲಿಯುತ್ತಲೇ ವಚನ ಹೇಳಿದ, ಕದಿರ ರೆಮ್ಮವ್ವೆ ನೂಲು ತೆಗೆಯುತ್ತಲೇ ಹೇಳಿದಳು. ಇತ್ತ ನಮ್ಮ ಬಂದೇನವಾಜರ ದರ್ಗಾಕ್ಕೆ ನಡೆದುಕೊಳ್ಳುವವರನ್ನು ಕೇಳಿ: ಸೂಫಿಗಳಿಗೆ ತ್ಯಾಪಿ ಹಚ್ಚಿದ ನಿಲುವಂಗಿ ಎಂದರೆ ವೈರಾಗ್ಯದ ಗುರುತು. ಶರಣರಾಗಲಿ ಸೂಫಿಗಳಾಗಲಿ ಈ ಸಲುವಾಗಿ ವೀಕೆಂಡ್ ವರ್ಕ್‌ಶಾಪಿಗೆ ಫೀ ಕಟ್ಟಿದ ದಾಖಲೆ ಮಾತ್ರ ಸಿಕ್ಕಿಲ್ಲ. ಈಗ ಕಟ್ಟಬೇಕು. ‘ಸೂಜಿಯೊಂದಿಗೆ ಧ್ಯಾನ’ ಎಂಬ ಎರಡು ತಾಸಿನ ಕಾರ್ಯಕ್ರಮ, ನಡುವೆ ಗ್ರೀನ್ ಟೀ, ಕೊನೆಗೆ ಅಂಗೈ ಅಗಲದ ಒಂದು ಚೌಕ ಹೊಲಿದ ಸರ್ಟಿಫಿಕೇಟು. ಕಲಿಸುವಾಕೆ ಯೂಟ್ಯೂಬಿನಿಂದ ಕಲಿತವಳು. ಯೂಟ್ಯೂಬಿನಾಕೆ ತನ್ನ ಮನೆಗೆಲಸದಾಕೆಯಿಂದ ಕಲಿತವಳು. ಮನೆಗೆಲಸದಾಕೆ ಆ ಹೊತ್ತಿಗೆ ಅಡುಗೆಮನೆಯಲ್ಲಿ ಗ್ರೀನ್ ಟೀ ಕಪ್ಪು ತೊಳೆಯುತ್ತಿರುತ್ತಾಳೆ.

ಬಟ್ಟೆಯ ಮಾತು ಬಿಡಿ, ಸೋಫಾದ ಮಾತಿಗೆ ಬನ್ನಿ. ಸ್ವಾವಲಂಬನೆಯ ನಿಜವಾದ ರಣರಂಗ ಅದು.

ನಮ್ಮ ಕಡೆ ಮೊದಲು ಕೂಡಲು ಹೊರಸು, ಚಾಪೆ, ಜಮಖಾನೆ ಇದ್ದವು. ಆಮೇಲೆ ಮದುವೆಯ ಕೊಡುಕೊಳೆಯಲ್ಲಿ ಸೋಫಾಸೆಟ್ಟು ಬಂತು. ಮೆರೂನ್ ರೆಕ್ಸಿನ್, ಹಿತ್ತಾಳೆ ಬಣ್ಣದ ಗುಂಡಿ, ಮೇಲೆ ಕ್ರೋಶಾದ ಬಿಳಿ ಹೊದಿಕೆ. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದಾಗ ಅದರ ಮೇಲೆ ಕೂತು ಎದ್ದ ಬೀಗರು ತೊಡೆಯ ಹಿಂಭಾಗದ ಒಂದು ಪದರ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಆ ತಲೆಮಾರಿನ ಸೋಫಾಗಳೆಲ್ಲ ಈಗ ಏಕಕಾಲಕ್ಕೆ ಬಾಯಿ ಬಿಟ್ಟಿವೆ. ಆ ತಲೆಮಾರಿನ ಸಾಹೇಬರೂ ಏಕಕಾಲಕ್ಕೆ ರಿಟೈರ್ ಆಗಿದ್ದಾರೆ. ಅವರ ಕೈಯಲ್ಲಿ ಪಿಂಚಣಿ, ಎದುರಿಗೆ ಅನಿಯಮಿತ ಡೇಟಾ. ಇನ್ನೇನು ಬೇಕು?

ಪ್ರತಿ ಓಣಿಗೊಬ್ಬ ಇಂಥ ಸಾಹೇಬರು ಸಿಗುತ್ತಾರೆ. ವಿಡಿಯೋದಲ್ಲಿ ಅಮೆರಿಕದ ಒಬ್ಬ ಹೆಣ್ಣುಮಗಳು ಹನ್ನೆರಡು ನಿಮಿಷದಲ್ಲಿ ಹಳೆ ಕುರ್ಚಿಯನ್ನು ಸಿಂಹಾಸನ ಮಾಡಿದ್ದನ್ನು ನೋಡಿ, ‘ಇದರಾಗೇನದ?’ ಎಂದು ಎದ್ದವರು. ಸೋಫಾದ ಹಿಂಬದಿಯ ಮೊಳೆ ಕಿತ್ತರೆ ರೆಕ್ಸಿನ್ ಬಿಚ್ಚಿತು. ಅದರ ಕೆಳಗೆ ಫೋಮಿನ ಪುಡಿ, ಅದರ ಕೆಳಗೆ ತೆಂಗಿನ ನಾರು, ಅದರ ಕೆಳಗೆ ಗೋಣಿತಟ್ಟು, ಅದರ ಕೆಳಗೆ ಜೋತುಬಿದ್ದ ನವಾರದ ಪಟ್ಟಿ. ಜೊತೆಗೆ ಎರಡು ಪೆನ್ನು, ಒಂದು ಕಿವಿಯೋಲೆ, ನಾಲ್ಕಾಣೆ ಎಂಟಾಣೆ, ಸೊಸೆಯ ಕಡೆಯವರು ತಂದಿದ್ದ ಲಗ್ನಪತ್ರಿಕೆ. ಉತ್ಖನನ ಮುಗಿದು ಎಲ್ಲವೂ ಅಂಗಳದಲ್ಲಿ ಹರಡಿದಾಗ ಸಾಹೇಬರಿಗೆ ಹೊಳೆದದ್ದು ಇಷ್ಟು: ಬಿಚ್ಚುವ ವಿಡಿಯೋ ಮುಗಿದಿದೆ, ಕಟ್ಟುವುದಕ್ಕೆ ಎರಡನೇ ಭಾಗ ನೋಡಬೇಕು, ಅದಿನ್ನೂ ಬಂದಿಲ್ಲ.

ಫೋಮ್ ತರಲು ಹೋದರೆ ಅಂಗಡಿಯವ ಮುಖ ಎತ್ತದೇ ಕೇಳುತ್ತಾನೆ, ‘ಎಷ್ಟು ಡೆನ್ಸಿಟಿ ಬೇಕ್ರಿ?’ ಬೆನ್ನಿಗೆ ಹಗುರದ್ದು ನಡೆಯುತ್ತದೆ, ಕೂಡುವ ಜಾಗಕ್ಕೆ ನಲವತ್ತರ ಡೆನ್ಸಿಟಿಯದು ಇಲ್ಲದಿದ್ದರೆ ಒಂದು ಶ್ರಾವಣ ದಾಟುವುದರೊಳಗೆ ಕುಳಿ ಬೀಳುತ್ತದೆ. ಇದು ಸೋಫಾ ರಿಪೇರಿ ಮಾಡುವ ಹುಡುಗನಿಗೆ ಗೊತ್ತು, ಸಾಹೇಬರಿಗೆ ಗೊತ್ತಿಲ್ಲ. ಅವರು ಹೆಬ್ಬೆರಳಿನಿಂದ ಒತ್ತಿ ನೋಡಿ ಮೆತ್ತಗಿದ್ದದ್ದನ್ನು ತರುತ್ತಾರೆ. ಬಟ್ಟೆಗೆ ಹೋದರೆ ಸೋಫಾ ಬಟ್ಟೆಯ ಪನ್ನಾ 54 ಇಂಚು, ಅಂಗಿ ಬಟ್ಟೆಯ ಲೆಕ್ಕದಲ್ಲಿ ಮೀಟರು ಬರೆದುಕೊಂಡು ಬಂದಿರುತ್ತಾರೆ. ವೆಲ್ವೆಟ್ಟಿಗೆ ಎದುರು-ಬೆನ್ನು ಅಂತ ಇರುತ್ತದೆ, ಎಳೆ ಮಲಗಿದ ದಿಕ್ಕು ಒಂದೇ ಇರಬೇಕು. ಅದನ್ನು ಗಮನಿಸದೇ ಕತ್ತರಿಸಿದರೆ ಒಂದೇ ಸೋಫಾ ಎರಡು ಬಣ್ಣದ್ದಾಗಿ ಕಾಣುತ್ತದೆ. ಆಮೇಲೆ ಮನೆಯ ಹೊಲಿಗೆ ಮಶೀನು. ಬ್ಲೌಸಿಗೆಂದು ಇದ್ದ ಸೂಜಿಗೆ ನಾಲ್ಕು ಪದರ ದಪ್ಪ ಬಟ್ಟೆ, ನಡುವೆ ಪೈಪಿಂಗ್ ದಾರ ಸೇರಿಸಿ ಕೊಟ್ಟರೆ ‘ಟಕ್’ ಎಂದು ಮುರಿಯದೇ ಇನ್ನೇನು ಮಾಡೀತು? ಹದಿನೆಂಟು ನಂಬರಿನ ಸೂಜಿ ಬೇಕಿತ್ತು. ಮಾತು ಬೇಡ, ಸ್ಟೇಪಲ್ ಗನ್ ಆನ್‌ಲೈನಿನಲ್ಲಿ ಬಂತು. ಅದರ ಪಿನ್ನು ಬೇರೆ ಪಾರ್ಸೆಲಿನಲ್ಲಿ ಬಂತು. ಪಿನ್ನು ಸಾಗವಾನಿಗೆ ಇಳಿಯದೇ ಬಾಗಿತು.

ಈ ನಡುವೆ ಇಡೀ ಮನೆ ನೆಲದ ಮೇಲೆ, ಕೌದಿ ಹಾಸಿಕೊಂಡು ಕೂತಿತ್ತು. ಯಾರಿಗೂ ಏನೂ ತೊಂದರೆಯಾಗಲಿಲ್ಲ ಎನ್ನುವುದನ್ನು ಸಾಹೇಬರ ಮನೆಯವರು ಎರಡು ಸಲ ಹೇಳಿದರು. ಎರಡೂ ಸಲ ಸಾಹೇಬರಿಗೆ ಕೇಳಿಸಲಿಲ್ಲ.

ಕೊನೆಗೆ ನಾಕಾದ ಬಳಿಯ ಸೋಫಾ ರಿಪೇರಿಯವನು ಬಂದ. ಅಂಗಳದ ರಾಶಿಗೆ ಒಂದು ಸುತ್ತು ಹಾಕಿ, ಬಾಗಿದ ಪಿನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಹೇಳಿದ: ‘ಸಾಹೇಬ್ರ, ನಾ ಬಿಚ್ಚಿದ್ರ ಒಂದ್ ರೇಟ್ ಅದರಿ. ನೀವ್ ಬಿಚ್ಚಿದ್ರ ಬ್ಯಾರೆ ರೇಟ್ ಅದ.’

‘ಅರ್ಧಾ ಕೆಲಸ ನಾನೇ ಮಾಡಿಟ್ಟೀನಲ್ಲೋ!’

‘ಅದಕ್ಕೇ ಹೆಚ್ಚಿಗಿ ರೇಟ್ರೀ.’

ಸಾಹೇಬರು ಅಷ್ಟಕ್ಕೆ ಬಿಡುವವರಲ್ಲ. ಸ್ಟೇಪಲ್ ಗನ್ನು, ಮುರಿದ ಸೂಜಿ, ಕೊರತೆ ಬಿದ್ದು ಎರಡನೇ ಸಲ ತಂದ ವೆಲ್ವೆಟ್ಟು ಇವುಗಳ ಲೆಕ್ಕ ಕೇಳದ ಅವರು ಇವನ ಕೂಲಿಯಲ್ಲಿ ಇನ್ನೂರು ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡಿದರು. ಉಳಿತಾಯ ಅಂದ ಮೇಲೆ ಎಲ್ಲಾದರೂ ಮಾಡಲೇಬೇಕಲ್ಲ. ಬಟ್ಟೆಯಂಗಡಿಯವನ ಹತ್ತಿರ ಆಗದ್ದು, ಆನ್‌ಲೈನಿನಲ್ಲಿ ಆಗದ್ದು, ದುಡಿಯುವವನ ಹತ್ತಿರ ಆಗುತ್ತದೆ. ಮರುದಿನ ಸಾಹೇಬರ ಸ್ಟೇಟಸ್ಸಿನಲ್ಲಿ ಹೊಸ ಸೋಫಾ ಏರಿತು. ‘ಸ್ವಂತ ಕೈಯಿಂದ.’ ಕೈ ಯಾರದೆಂದು ಕೇಳುವ ಅವಕಾಶ ಸ್ಟೇಟಸ್ಸಿನಲ್ಲಿ ಇರುವುದಿಲ್ಲ.

ಹಿಂದೆ ಈ ಓಣಿಗಳಿಗೆ ಪಿಂಜಾರ ಬರುತ್ತಿದ್ದ. ಹೆಗಲ ಮೇಲೆ ಉದ್ದನೆಯ ಬಿಲ್ಲು, ಅದರ ನರಕ್ಕೆ ಬಡಿದಾಗ ‘ಟೊಂಯ್ ಟೊಂಯ್’ ಎಂಬ ದನಿ. ನಮ್ಮ ಕಲ್ಲುಮನೆಗಳ ನಡುವೆ ಆ ದನಿ ಮೂರು ಓಣಿ ಆಚೆಯಿಂದಲೇ ಕೇಳುತ್ತಿತ್ತು. ಗಟ್ಟಿಯಾದ ಗಾದಿಯನ್ನು ಬಿಚ್ಚಿ, ಹತ್ತಿಯನ್ನು ಹಿಂಜಿ, ಅದೇ ಹತ್ತಿಯನ್ನು ಅದೇ ಖೋಳಿಗೆ ತುಂಬಿ ಉದ್ದನೆಯ ಸೂಜಿಯಿಂದ ಟಾಕಿ ಹಾಕಿ ಕೊಟ್ಟು ಹೋಗುತ್ತಿದ್ದ. ಒಂದು ಹಿಡಿ ಹತ್ತಿ ವ್ಯರ್ಥವಿಲ್ಲ. ಇದನ್ನು ಮರುಬಳಕೆ ಎಂದು ಯಾರೂ ಕರೆಯಲಿಲ್ಲ, ಅವನಿಗೆ ಯಾರೂ ಹಸಿರು ಪ್ರಶಸ್ತಿ ಕೊಡಲಿಲ್ಲ. ಈಗ ಹತ್ತು ವರ್ಷದ ವಾರಂಟಿಯ ಗಾದಿ ಕೊಂಡು, ಐದು ವರ್ಷಕ್ಕೆ ಅದನ್ನು ಎಸೆಯಲು ಮಹಾನಗರ ಪಾಲಿಕೆಯ ಕಸದ ಗಾಡಿಯವನಿಗೆ ಕೈಬಿಸಿ ಮಾಡಿ, ಸಂಜೆಗೆ ‘ಕಡಿಮೆ ಕೊಳ್ಳಿ’ ಎಂಬ ಭಾಷಣ ಕೇಳಲು ಹೋಗುತ್ತೇವೆ.

ಸರಕಾರ ಮಾತ್ರ ಸುಮ್ಮನೆ ಕೂತಿದೆ ಎನ್ನುವಂತಿಲ್ಲ. ಹೆಣ್ಣುಮಕ್ಕಳ ಸಕಲ ಕಷ್ಟಕ್ಕೂ ಅದರ ಹತ್ತಿರ ಒಂದೇ ಔಷಧ ಇದೆ, ಹೊಲಿಗೆ ಯಂತ್ರ. ಗಂಡ ಸತ್ತರೆ ಹೊಲಿಗೆ ಯಂತ್ರ, ಗಂಡ ಕುಡಿದರೆ ಹೊಲಿಗೆ ಯಂತ್ರ, ಶಾಲೆ ಬಿಟ್ಟರೆ ಹೊಲಿಗೆ ಯಂತ್ರ, ಚುನಾವಣೆ ಬಂದರೆ ಎಲ್ಲರಿಗೂ ಹೊಲಿಗೆ ಯಂತ್ರ. ಪಕ್ಷ ಯಾವುದೇ ಇರಲಿ, ವಿತರಣಾ ಸಮಾರಂಭದ ಫೋಟೋ ಒಂದೇ. ಯಂತ್ರದ ಕೊರಳಿಗೆ ಹೂಮಾಲೆ, ಸುತ್ತಲೂ ಹದಿನಾಲ್ಕು ಜನ ಗಣ್ಯರು. ಮುಖ್ಯ ಗಣ್ಯರ ಒಂದು ಕೈ ಚಕ್ರದ ಮೇಲೆ, ಎರಡು ಕಣ್ಣು ಕ್ಯಾಮೆರಾದ ಮೇಲೆ. ಫಲಾನುಭವಿ ಎಲ್ಲೋ ಮೂಲೆಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿರುತ್ತಾಳೆ. ಸೂಜಿಯಲ್ಲಿ ದಾರ ಇರುವುದಿಲ್ಲ, ಅದು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳಿವೆ, ದರ್ಜಿಯದೂ ಒಂದು. ಉಪಕರಣಕ್ಕೆ 15,000 ರೂಪಾಯಿ, ತರಬೇತಿಯ ದಿನಕ್ಕೆ 500, ಆಮೇಲೆ ಶೇಕಡ 5ರ ಬಡ್ಡಿಗೆ ಸಾಲ. ಅದು ಕೇಂದ್ರದ್ದಾಯಿತು. ರಾಜ್ಯದ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರವನ್ನು ಕೂಡಿಟ್ಟು ಹೊಲಿಗೆ ಯಂತ್ರ ಕೊಂಡ ಹೆಣ್ಣುಮಕ್ಕಳ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ. ಒಳ್ಳೆಯದೇ. ಅವರ ಬೆವರಿನ ಬಗ್ಗೆ ನನಗೆ ನಗು ಬರುವುದಿಲ್ಲ. ನಗು ಬರುವುದು ಲೆಕ್ಕದ ಬಗ್ಗೆ: ಒಂದೇ ಓಣಿಯ ಹತ್ತು ಮನೆಗೆ ಹತ್ತು ಯಂತ್ರ ಕೊಟ್ಟರೆ ಯಾರು ಯಾರ ಬ್ಲೌಸು ಹೊಲಿಯಬೇಕು? ಫಾಲ್ ಪೀಕೋ ಬೋರ್ಡು ಎಲ್ಲರ ಬಾಗಿಲಿಗೂ ಇದೆ, ಸೀರೆ ಉಡುವವರೇ ಕಡಿಮೆಯಾಗಿದ್ದಾರೆ. ಆರು ತಿಂಗಳಿಗೆ ಯಂತ್ರ ಮೂಲೆ ಸೇರುತ್ತದೆ. ಧೂಳು ಬೀಳಬಾರದೆಂದು ಅದಕ್ಕೊಂದು ಹೂವಿನ ಕವರು. ಎಷ್ಟೋ ಯಂತ್ರಗಳು ತಮ್ಮ ಆಯುಷ್ಯದಲ್ಲಿ ಹೊಲಿದದ್ದು ಆ ಕವರನ್ನೇ.

ಹೊಲಿಗೆ ಯಂತ್ರದ ಹಣೆಬರಹವೇ ಹೀಗೆ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಐದು ವರ್ಷಕ್ಕೆ ಅವನ ಕಂಪನಿ ಅದನ್ನು ಕಂತಿನ ಮೇಲೆ ಮಾರಲು ಶುರುಮಾಡಿತು. ಅಂದರೆ ಉಳಿತಾಯದ ದೇವತೆಯಂತೆ ಮನೆಗೆ ಬಂದದ್ದು ಸಾಲದ ಕಂತನ್ನೂ ಸೆರಗಿನಲ್ಲಿ ಕಟ್ಟಿಕೊಂಡೇ ಬಂತು. ಯಂತ್ರ ಅಂದರೆ ಉರಿದು ಬೀಳುತ್ತಿದ್ದ ಗಾಂಧೀಜಿ ಕೂಡ ಸಿಂಗರ್ ಮಶೀನಿಗೆ ವಿನಾಯಿತಿ ಕೊಟ್ಟಿದ್ದರು, 1924ರಲ್ಲಿ. ಹೆಂಡತಿಯ ಹೊಲಿಗೆಯ ಬೇಸರ ತಪ್ಪಿಸಲು ಸಿಂಗರ್ ಅದನ್ನು ಕಂಡುಹಿಡಿದನೆಂದು ಅವರು ನಂಬಿದ್ದರು. ಹೆಂಡಂದಿರ ವಿಷಯದಲ್ಲಿ ಸಿಂಗರ್ ಸಾಹೇಬರ ಕಥೆ ತಿಳಿದಿದ್ದರೆ ಮಹಾತ್ಮರು ಆ ವಿನಾಯಿತಿ ಹಿಂದಕ್ಕೆ ಪಡೆಯುತ್ತಿದ್ದರೋ ಏನೋ. ಇರಲಿ.

ಊರಿಗೆ ನೂಲು-ಬಟ್ಟೆಯ ನಂಟು ಇರಲಿಲ್ಲವೆಂದಲ್ಲ. ನಿಜಾಮರ ಕಾಲದ ಮೆಹಬೂಬ್ ಶಾಹಿ ಮಿಲ್ಲು, ಎಂ.ಎಸ್.ಕೆ. ಮಿಲ್ಲು ಎಂದು ಜನರ ಬಾಯಲ್ಲಿ ಉಳಿದದ್ದು, ಇಲ್ಲೇ ಇತ್ತು. ಮಿಲ್ಲು ಮುಚ್ಚಿತು. ಈಗ ಅದು ವಿಳಾಸ ಹೇಳಲು ಮಾತ್ರ ಬೇಕು: ‘ಎಂ.ಎಸ್.ಕೆ. ಮಿಲ್ ಬಡಾವಣೆ’. ನೂಲು ತೆಗೆದ ಜಾಗದಲ್ಲಿ ಸೈಟು ತೆಗೆದೆವು. 2023ರ ಮಾರ್ಚಿನಲ್ಲಿ ದೇಶದ ಏಳು ಬೃಹತ್ ಜವಳಿ ಪಾರ್ಕುಗಳಲ್ಲಿ ಒಂದು ಕಲಬುರಗಿಗೆ ಎಂದು ಘೋಷಣೆಯಾಯಿತು, ಸಾವಿರ ಎಕರೆ. ಇದ್ದ ಮಿಲ್ಲನ್ನು ತ್ಯಾಪಿ ಹಚ್ಚಿ ನಡೆಸಲಾಗದವರು ಹೊಸ ಥಾನನ್ನೇ ಕೊಳ್ಳುತ್ತೇವೆ ಎನ್ನುವುದು ಸರಕಾರಗಳ ಮಿತವ್ಯಯ.

ಬಡತನವಿಲ್ಲದೇ ಮಿತವ್ಯಯ ಕಲಿಸಲು ಯುದ್ಧವೇ ಬೇಕಾಗುತ್ತದೇನೋ. 1941ರಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಬಂತು. 1943ರಲ್ಲಿ ಅಲ್ಲಿನ ಸರಕಾರವೇ ಪುಸ್ತಿಕೆ ಅಚ್ಚು ಹಾಕಿಸಿ, ಹರಿದ ಮೊಣಕೈಗೆ ತ್ಯಾಪಿ ಹಚ್ಚುವುದು ಹೇಗೆ, ಗಂಡನ ಹಳೆ ಪ್ಯಾಂಟಿನಿಂದ ಮಗನಿಗೆ ಚಡ್ಡಿ ತೆಗೆಯುವುದು ಹೇಗೆ ಎಂದು ಮಡದಿಯರಿಗೆ ಪಾಠ ಹೇಳಿತು. ನಮ್ಮ ಅಜ್ಜಿಯಂದಿರು ಅದೇ ಹೊತ್ತಿಗೆ ಅದೇ ಕೆಲಸವನ್ನು ಪುಸ್ತಿಕೆಯಿಲ್ಲದೇ ಮಾಡುತ್ತಿದ್ದರು. ಚರ್ಚಿಲ್ಲರ ಮಂತ್ರಿಗಳು ಒಂದು ಪತ್ರ ಬರೆದಿದ್ದರೆ ಅಚ್ಚಿನ ಖರ್ಚಾದರೂ ಉಳಿಯುತ್ತಿತ್ತು.

ಕಮಲಾಪುರದ ಕಡೆ ಹೋದವರು ಕೆಂಪು ಬಾಳೆಹಣ್ಣು ತಾರದೇ ಬರುವುದಿಲ್ಲ. ಜಿಐ ಗುರುತು ಪಡೆದ ಹಣ್ಣು, ದರವೂ ಅದಕ್ಕೆ ತಕ್ಕಂತೆ. ಹೇಳಿದಷ್ಟು ಕೊಟ್ಟು ತರುತ್ತಾರೆ, ಚೌಕಾಸಿ ಮಾಡುವುದು ಮರ್ಯಾದೆಯಲ್ಲ. ಅದೇ ಊರಿನ ಮನೆಯೊಂದರ ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ಕೂತ ಹೆಣ್ಣುಮಗಳ ಮುಂದೆ ಮಾತ್ರ ಎಲ್ಲರಿಗೂ ಉಳಿತಾಯ ನೆನಪಾಗುತ್ತದೆ. ಆಕೆಯ ಕೆಲಸ ಒಂದು ಗಳಿಗೆ ನಿಂತು ನೋಡಿ. ಕೆಳಗೆ ಗಟ್ಟಿಯಾದ ಹಳೆ ಸೀರೆ, ಮೇಲೆ ಧೋತರದ ಪದರ, ಅದರ ಮೇಲೆ ಅಂಗಿ, ಲಂಗ, ಕುಬಸಗಳ ತುಂಡು. ಅಂಚಿನಿಂದ ಹೊಲಿಗೆ ಹಿಡಿದು ಸುತ್ತು ಹಾಕುತ್ತ ನಡುವಿಗೆ ಬರುತ್ತಾಳೆ. ಕಾಲ ಹೆಬ್ಬೆರಳಿನಿಂದ ಬಟ್ಟೆಯನ್ನು ಬಿಗಿ ಹಿಡಿದು, ಒಂದೇ ಎಳೆತಕ್ಕೆ ಸೂಜಿಯ ಮೇಲೆ ನಾಲ್ಕೈದು ಟಾಕಿ ಏರಿಸಿ, ದಾರ ಜಗ್ಗಿದಾಗ ಬಟ್ಟೆ ಸಣ್ಣಗೆ ಸುಕ್ಕುಗಟ್ಟುತ್ತದೆ. ಆ ಸುಕ್ಕೇ ಕೌದಿಯ ಕಸುವು. ದೊಡ್ಡ ಕೌದಿಯೆಂದರೆ ಮನೆಗೆಲಸದ ನಡುನಡುವೆ ವಾರಗಟ್ಟಲೆ. ಸೂಜಿ ಚುಚ್ಚಿ ಚುಚ್ಚಿ ತೋರುಬೆರಳ ತುದಿ ಕಲ್ಲಾಗಿರುತ್ತದೆ, ಫೋನಿನ ಬೀಗ ತೆಗೆಯಲು ಆ ಬೆರಳು ಒತ್ತಿದರೆ ಫೋನು ಗುರುತು ಹಿಡಿಯುವುದಿಲ್ಲ.

ಇಂಥ ಕಸುಬಿಗೆ ಬೆಲೆ ಬರುವುದೇ ಇಲ್ಲವೆಂದಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳ ಕವಂದಿ ಎಂಬ ಕೌದಿಗಳು ಅಮೆರಿಕದ ಪ್ರದರ್ಶನಗಳ ಗೋಡೆ ಏರಿವೆ, ಅಲ್ಲಿನ ಪ್ರೊಫೆಸರು ಹೆನ್ರಿ ಡ್ರೂವಾಲ್ ಆ ಹೆಣ್ಣುಮಕ್ಕಳ ಸಹಕಾರಿ ಸಂಘಕ್ಕೂ ಕೈಜೋಡಿಸಿದರು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಗೆ ಲಂಬಾಣಿ ಕಸೂತಿಯ 1,755 ವಸ್ತುಗಳನ್ನಿಟ್ಟು ಗಿನ್ನೆಸ್ ದಾಖಲೆಯನ್ನೂ ಮಾಡಿದರು. ದಾಖಲೆಯ ಫೋಟೋ ಚೆನ್ನಾಗಿ ಬಂತು. ಕಮಲಾಪುರ ತಾಲ್ಲೂಕಿನ ತಾಂಡಾಗಳಲ್ಲಿ ಕನ್ನಡಿ ಹಚ್ಚುವ ಅಜ್ಜಿಯರು ಆವತ್ತೂ ಕನ್ನಡಿ ಹಚ್ಚುತ್ತಲೇ ಇದ್ದರು.

ಕೌದಿಗೆ ದೂರದೂರಿನ ಗಿರಾಕಿ ಸಿಕ್ಕಮೇಲೆ ಡಿಸೈನರುಗಳೂ ಬಂದರು. ಪಡಸಾಲೆಯ ಹೊಸ್ತಿಲಲ್ಲಿ ಕೂತು ಮೊಬೈಲು ಮುಂದೆ ಹಿಡಿದು ಒಬ್ಬಾಕೆ ಕೇಳಿದ್ದು:

‘ಅಕ್ಕಾ, ಈ ನೀಲಿ ನಡುವೆ ಒಂದೇ ಒಂದು ಕೆಂಪು ತುಂಡು ಇಟ್ಟಿದ್ದೀರಲ್ಲ, ಅದರ ಹಿಂದಿನ ಯೋಚನೆ ಏನು?’

‘ನೀಲಿ ಅರಿವಿ ಸಾಲಲಿಲ್ಲವ್ವ.’

ಚೀಟಿಯಲ್ಲಿ ಆ ಕೆಂಪು ತುಂಡು ‘ಉದಯಿಸುವ ಸೂರ್ಯ’ ಆಯಿತೆಂದು ನಂಬಲರ್ಹ ಮೂಲಗಳಿಂದ ತಿಳಿದಿದೆ.

ಆಮೇಲೆ ದೊಡ್ಡ ಆರ್ಡರು ಬಂತು. ಜೊತೆಗೊಂದು ಷರತ್ತು: ಹಳೆ ಬಟ್ಟೆ ಬೇಡ. ಯಾರೋ ಉಟ್ಟದ್ದು, ಯಾವ ಮನೆಯದೋ, ವಿದೇಶದ ಗಿರಾಕಿಗಳು ಹಿಂಜರಿಯುತ್ತಾರೆ. ಹೊಸ ಥಾನು ಮಿಲ್ಲಿನಿಂದಲೇ ಕಳಿಸುತ್ತೇವೆ, ತುಂಡು ಮಾಡಿ, ಎರಡು ಸಲ ಬಣ್ಣ ಬಿಡಿಸಿ, ಹಳೆಯದರಂತೆ ಕಾಣುವ ಹಾಗೆ ಹೊಲಿದುಕೊಡಿ. ಟೆಂಪೋದಿಂದ ಗಂಟು ಇಳಿಯಿತು. ಗಂಜಿ ಹೊಡೆದ ಗಡುಸು ಬಟ್ಟೆ, ಗಮಗಮ ಅಂಗಡಿ ವಾಸನೆ. ಅಕ್ಕ ಒಂದು ತುದಿಯನ್ನು ಬೆರಳ ನಡುವೆ ಹಿಡಿದು ತಿಕ್ಕಿ ನೋಡಿದಳು. ಸೂಜಿಗೆ ದಾರ ಪೋಣಿಸಿ ನಾಲ್ಕು ಪದರಕ್ಕೆ ಒಂದು ಟಾಕಿ ಹಾಕಿ ಜಗ್ಗಿದಳು. ಬರಲಿಲ್ಲ. ಇನ್ನೊಮ್ಮೆ ಜಗ್ಗಿದಳು.

‘ಹಳೀದಾದ್ರ ಬೆಣ್ಣಿಹಂಗ ಹೋಗ್ತಿತ್ರಿ,’ ಎಂದು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ‘ಇದು ಹೊಸಾದದ. ಕೂಲಿ ಡಬಲ್ ಆಗ್ತದ.’